ತೊನ್ನು: ಬಣ್ಣ ಹೋಗುವುದು ಯಾಕೆ, ಸಿಸ್ಟರ್ ಮಾಡುವುದೇನು?

"ಕಣ್ಣು ಮುಚ್ಕೊಳ್ಳಿ ಅಮ್ಮ. ನಾನು ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸಿ."

ಸಿಸ್ಟರ್ ಕೈಯಲ್ಲಿ ಹತ್ತಿಯ ಎಳೆ. ಚಿಕ್ಕಮ್ಮನ ಮೊಣಕೈ ಹತ್ತಿರ ಅಂಗೈ ಅಗಲದ ಬಿಳಿ ಮಚ್ಚೆ. ಮಚ್ಚೆಯ ಒಳಗೆ ಮೂರು ಸಲ, ಹೊರಗೆ ಎರಡು ಸಲ ಹತ್ತಿ ತಾಗಿಸಿದರು. ಐದಕ್ಕೆ ಐದು ಸಲವೂ ಚಿಕ್ಕಮ್ಮ ಸರಿಯಾದ ಜಾಗಕ್ಕೇ ಬೆರಳಿಟ್ಟರು. ಸಿಸ್ಟರ್ ಚೀಟಿಯಲ್ಲಿ ಏನೋ ಬರೆದುಕೊಂಡರು. ಅರ್ಧ ನಿಮಿಷದ ಕೆಲಸ. ಆರು ತಿಂಗಳಿಂದ ನಮ್ಮ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲಿದ್ದ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯೊಂದಿತ್ತು: ಇದು ಕುಷ್ಠವಾ? ಅದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಟ್ಟಿತು.

ಪ್ರತಿ ವರ್ಷ ಜೂನ್ 25 ಹತ್ತಿರ ಬಂದಂತೆ ವಾಟ್ಸಾಪ್‌ನಲ್ಲಿ ಬಿಳಿ ಮಚ್ಚೆಯ ಮೆಸೇಜುಗಳು ಓಡಾಡುತ್ತವೆ. ಅದು ವಿಶ್ವ ವಿಟಿಲಿಗೋ ದಿನ. ಗಾಯಕ ಮೈಕಲ್ ಜಾಕ್ಸನ್ ತೀರಿಕೊಂಡದ್ದು 2009ರ ಜೂನ್ 25ರಂದು. ಅವರಿಗೂ ಇದೇ ತೊಂದರೆ ಇತ್ತು. 1993ರಲ್ಲಿ ಓಪ್ರಾ ವಿನ್‌ಫ್ರೀ ಜೊತೆಗಿನ ಟಿವಿ ಸಂದರ್ಶನದಲ್ಲಿ ತಾವೇ ಅದನ್ನು ಹೇಳಿದ್ದರು. ಅವರ ನೆನಪಿಗೆ ಆ ದಿನವನ್ನು ಆರಿಸಿಕೊಂಡು 2011ರಿಂದ ಆಚರಿಸುತ್ತಿದ್ದಾರೆ. ಆದರೆ ಬರುವ ಮೆಸೇಜುಗಳಲ್ಲಿ ಅರ್ಧ ಔಷಧಿ ಜಾಹೀರಾತು, ಇನ್ನರ್ಧ ಹೆದರಿಕೆ. ಈಚೆಗೆ ಹೊಸ ಮುಲಾಮುಗಳ ಸುದ್ದಿಯೂ ಸೇರಿಕೊಂಡಿದೆ. ಹಾಗಾಗಿ ಬುಡದಿಂದಲೇ ನೋಡೋಣ.

ಹೆಸರಿನಲ್ಲೇ ಇರುವ ಗೊಂದಲ

ವೈದ್ಯರು ವಿಟಿಲಿಗೋ ಅನ್ನುತ್ತಾರೆ. ಕೆಲವರು ಲ್ಯೂಕೋಡರ್ಮಾ ಅನ್ನುತ್ತಾರೆ. ನಮ್ಮಲ್ಲಿ ತೊನ್ನು, ಬಿಳಿ ಮಚ್ಚೆ, ಬಿಳಿ ಕಲೆ. ಇದಕ್ಕೆ ಶ್ವೇತಕುಷ್ಠ ಅನ್ನುವ ಇನ್ನೊಂದು ಹೆಸರೂ ಇದೆ. ಎಡವಟ್ಟು ಆಗಿರುವುದು ಅಲ್ಲೇ. ಹೆಸರಿನಲ್ಲಿ ಕುಷ್ಠ ಇರುವುದರಿಂದ ಎರಡೂ ಒಂದೇ ಅಂತ ಜನ ನಂಬಿಬಿಟ್ಟಿದ್ದಾರೆ.

ಎರಡಕ್ಕೂ ಸಂಬಂಧವೇ ಇಲ್ಲ. ಕುಷ್ಠ ಬರುವುದು ಒಂದು ಬ್ಯಾಕ್ಟೀರಿಯಾದಿಂದ. ಅದು ಚರ್ಮದ ಜೊತೆಗೆ ನರಗಳನ್ನೂ ಹಿಡಿಯುತ್ತದೆ. ಅದರ ಮಚ್ಚೆ ಸಾಮಾನ್ಯವಾಗಿ ಪೂರ್ತಿ ಬೆಳ್ಳಗಿರುವುದಿಲ್ಲ, ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಮಾಸಿದ ಬಣ್ಣ ಅಥವಾ ಕೆಂಪು. ಅಲ್ಲಿ ಮುಟ್ಟಿದರೆ ಗೊತ್ತಾಗುವುದು ಕಡಿಮೆ. ತೊನ್ನಿನ ಮಚ್ಚೆ ಸೀಮೆಸುಣ್ಣದ ಹಾಗೆ ಬಿಳಿ. ಬಣ್ಣ ಮಾತ್ರ ಹೋಗಿರುತ್ತದೆ. ಸ್ಪರ್ಶ, ಬಿಸಿ, ನೋವು ಎಲ್ಲ ಸರಿಯಾಗಿಯೇ ಗೊತ್ತಾಗುತ್ತದೆ. ಸಿಸ್ಟರ್ ಹತ್ತಿ ಹಿಡಿದದ್ದು ಇದನ್ನು ನೋಡುವುದಕ್ಕೇ. ಅಂದ ಹಾಗೆ, ಕುಷ್ಠವೂ ಈಗ ಮಾತ್ರೆಗಳಿಂದ ವಾಸಿಯಾಗುವ ಕಾಯಿಲೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ.

ಉತ್ತರದ ಇನ್ನರ್ಧ ಸಿಕ್ಕಿದ್ದು ಕತ್ತಲೆ ಕೋಣೆಯಲ್ಲಿ. ವುಡ್ಸ್ ಲ್ಯಾಂಪ್ ಅಂತ ಒಂದು ನೇರಳೆ ದೀಪ ಇರುತ್ತದೆ. ಅದನ್ನು ಹಿಡಿದರೆ ತೊನ್ನಿನ ಜಾಗ ನೀಲಿ ಬೆರೆತ ಬಿಳುಪಿನಲ್ಲಿ ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದ ಹೊಸ ಮಚ್ಚೆಗಳೂ ಕಾಣುತ್ತವೆ. ಚಿಕ್ಕಮ್ಮ ಪೌಡರ್ ಹಚ್ಚಿಕೊಂಡು ಹೋಗಿದ್ದರು. ಸಿಸ್ಟರ್ ಮೊದಲು ಅದನ್ನು ಒರೆಸಿಕೊಳ್ಳಲು ಹೇಳಿದರು. ಪೌಡರ್, ಮುಲಾಮು, ಸೋಪಿನ ಅಂಟು ಕೂಡ ಆ ದೀಪದಲ್ಲಿ ಹೊಳೆದು ಲೆಕ್ಕ ತಪ್ಪಿಸುತ್ತವಂತೆ.

ಬಣ್ಣ ಹೋಗುವುದು ಯಾಕೆ?

ನಮ್ಮ ಚರ್ಮದಲ್ಲಿ ಮೆಲನೋಸೈಟ್ ಅನ್ನುವ ಜೀವಕೋಶಗಳಿವೆ. ಮೆಲನಿನ್ ಅನ್ನುವ ಬಣ್ಣವನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುವುದು ಇವುಗಳ ಕೆಲಸ. ಮೈಬಣ್ಣ, ಕೂದಲಿನ ಕಪ್ಪು, ಬಿಸಿಲಿನಿಂದ ಸ್ವಲ್ಪ ರಕ್ಷಣೆ, ಎಲ್ಲ ಅದರಿಂದಲೇ.

ದೇಹದಲ್ಲಿ ರೋಗದ ವಿರುದ್ಧ ಹೋರಾಡುವ ಒಂದು ಕಾವಲು ಪಡೆಯೂ ಇದೆ. ತೊನ್ನಿನಲ್ಲಿ ಈ ಕಾವಲು ದಾರಿ ತಪ್ಪುತ್ತದೆ. ಕಳ್ಳನನ್ನು ಹಿಡಿಯಬೇಕಾದ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ, ಅದು ಮೆಲನೋಸೈಟ್‌ಗಳ ಮೇಲೆಯೇ ಬೀಳುತ್ತದೆ. ಅವು ಸತ್ತ ಜಾಗದಲ್ಲಿ ಬಣ್ಣ ತಯಾರಿಸುವವರೇ ಇಲ್ಲ. ಜಾಗ ಬೆಳ್ಳಗಾಗುತ್ತದೆ. ಇಷ್ಟೇ. ರಕ್ತ ಕೆಟ್ಟಿದ್ದಲ್ಲ, ಸೋಂಕೂ ಅಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಟವೆಲ್ ಬಳಸಿದರೆ, ಗಂಡ ಹೆಂಡತಿ ಜೊತೆಗಿದ್ದರೆ ಅಂಟುವುದಿಲ್ಲ.

ಜಗತ್ತಿನಲ್ಲಿ 100 ಜನರಲ್ಲಿ ಸುಮಾರು ಒಬ್ಬರಿಗೆ ಇದೆ ಅನ್ನುವುದು ಅಂದಾಜು. ಅವರಲ್ಲಿ ಅರ್ಧದಷ್ಟು ಜನರಿಗೆ 20 ವರ್ಷದೊಳಗೇ ಶುರುವಾಗುತ್ತದೆ. ಇದೇ ದಾರಿ ತಪ್ಪಿದ ಕಾವಲು ಥೈರಾಯ್ಡ್ ಗ್ರಂಥಿಯ ಮೇಲೂ ಬೀಳಬಹುದು. ಅದಕ್ಕೇ ಚರ್ಮದ ಡಾಕ್ಟರು ಥೈರಾಯ್ಡ್ ರಕ್ತಪರೀಕ್ಷೆ ಬರೆದುಕೊಡುವುದು. "ಚರ್ಮಕ್ಕೆ ತೋರಿಸೋಕೆ ಬಂದರೆ ಥೈರಾಯ್ಡ್ ಯಾಕೆ?" ಅಂತ ನಾನೂ ಗೊಣಗಿದ್ದೆ.

ಮಕ್ಕಳಿಗೆ ಬರುತ್ತಾ? ಎಲ್ಲರೂ ಕೇಳುವ ಪ್ರಶ್ನೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಬರುವ ಸಾಧ್ಯತೆ 100ಕ್ಕೆ ಸುಮಾರು 6. ಅಂದರೆ 90ಕ್ಕಿಂತ ಜಾಸ್ತಿ ಜನರಿಗೆ ಬರುವುದಿಲ್ಲ. ಒಂದೇ ರೂಪದ ಅವಳಿಗಳ ವಿಷಯ ನೋಡಿ. ಅವರ ವಂಶವಾಹಿ ಪೂರ್ತಿ ಒಂದೇ. ಆದರೂ ಒಬ್ಬರಿಗೆ ಇದ್ದಾಗ ಇನ್ನೊಬ್ಬರಿಗೂ ಬಂದದ್ದು 100ರಲ್ಲಿ 23 ಜೋಡಿಗಳಲ್ಲಿ ಮಾತ್ರ. ವಂಶದ ಪಾಲು ಇದೆ, ಆದರೆ ಅದೊಂದೇ ಅಲ್ಲ.

ಉಡಿದಾರ, ಲಂಗದ ಲಾಡಿ, ಸ್ಟಿಕರ್ ಬೊಟ್ಟು

ಡಾಕ್ಟರ ಚೀಟಿಯಲ್ಲಿ ಇರದ, ಸಿಸ್ಟರ್ ಬಾಯಲ್ಲಿ ಮಾತ್ರ ಕೇಳಿದ ಸಂಗತಿ ಇದು. ಈ ತೊಂದರೆ ಇರುವವರಿಗೆ ಚರ್ಮ ಪದೇಪದೇ ಉಜ್ಜಿದ ಅಥವಾ ಗೀರಿದ ಕಡೆಯೇ ಹೊಸ ಮಚ್ಚೆ ಏಳಬಹುದು. ಸೊಂಟದ ಸುತ್ತ ಗೆರೆ ಎಳೆದ ಹಾಗೆ ಬಿಳುಪು ಬಂದಿದ್ದರೆ ಉಡಿದಾರವನ್ನೋ ಲಂಗದ ಲಾಡಿಯನ್ನೋ ಅನುಮಾನಿಸಬೇಕು. ಬಿಗಿ ಬಳೆ, ವಾಚಿನ ಪಟ್ಟಿ, ಚಪ್ಪಲಿಯ ಉಂಗುಷ್ಠ ಕೂಡ ಹಾಗೆಯೇ. ಸ್ನಾನದಲ್ಲಿ ಗಸಗಸ ಉಜ್ಜುವ ನಾರು ಬೇಡ.

"ಲಾಡಿ ಸಡಿಲ ಕಟ್ಟಿ ಅಮ್ಮ, ಇಲ್ಲಾಂದ್ರೆ ಅಗಲ ಪಟ್ಟಿದು ಹೊಲಿಸ್ಕೊಳ್ಳಿ" ಅಂದರು ಸಿಸ್ಟರ್. ಆ ಮಾತು ಯಾವ ಗೂಗಲ್‌ನಲ್ಲೂ ನನಗೆ ಸಿಕ್ಕಿರಲಿಲ್ಲ.

ಹಣೆಯ ನಡುವೆ ಬೊಟ್ಟಿನ ಗಾತ್ರದ ಬಿಳಿ ಬಂದರೆ ಅದು ಬೇರೆಯೇ ಕಥೆ. ಕೆಲವು ಸ್ಟಿಕರ್ ಬೊಟ್ಟುಗಳ ಅಂಟಿನಲ್ಲಿ ಮೆಲನೋಸೈಟ್‌ಗಳನ್ನು ಕೊಲ್ಲುವ ರಾಸಾಯನಿಕ ಇರುತ್ತದೆ. ಕೆಲವು ರಬ್ಬರ್ ಚಪ್ಪಲಿ, ಕೂದಲ ಬಣ್ಣಗಳಲ್ಲೂ ಇಂಥವು ಇರುತ್ತವೆ. ಇದನ್ನು ಬೇಗ ಗುರುತಿಸಿ ಆ ವಸ್ತು ಬಿಟ್ಟರೆ ಬಣ್ಣ ಮರಳುವ ಸಾಧ್ಯತೆ ಚೆನ್ನಾಗಿದೆ. ಹಾಗಾಗಿ ಮೊದಲ ಭೇಟಿಯಲ್ಲಿ ಸಿಸ್ಟರ್ ಬೊಟ್ಟು, ಚಪ್ಪಲಿ, ಹೇರ್ ಡೈ ಅಂತ ಪಟ್ಟಿ ಮಾಡಿ ಕೇಳಿದರೆ ಅದು ಸುಮ್ನೆ ಹರಟೆಯಲ್ಲ.

ಇನ್ನು ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಅನ್ನುವ ಮಾತು. ಇದಕ್ಕೆ ಆಧಾರ ಸಿಕ್ಕಿಲ್ಲ. ಹುಳಿ, ಮೊಸರು, ನಿಂಬೆಹಣ್ಣು ಬಿಡಬೇಕು ಅನ್ನುವುದಕ್ಕೂ ಇಲ್ಲ. ಚಿಕ್ಕಮ್ಮ ನಾಲ್ಕು ತಿಂಗಳು ಮೊಸರು ಬಿಟ್ಟಿದ್ದರು, ನಾಗದೋಷಕ್ಕೆ ಪೂಜೆಯನ್ನೂ ಮಾಡಿಸಿದ್ದರು. ಸಿಸ್ಟರ್ ಪೂಜೆಯ ಬಗ್ಗೆ ಏನೂ ಹೇಳಲಿಲ್ಲ. "ಮೊಸರು ಊಟ ಮಾಡಿ" ಅಂದರು.

ಹೋದ ಬಣ್ಣ ಬರುವುದು ಎಲ್ಲಿಂದ?

ಚರ್ಮದ ಮೆಲನೋಸೈಟ್ ಸತ್ತರೂ ಕೂದಲಿನ ಬುಡದಲ್ಲಿ ಒಂದಷ್ಟು ಉಳಿದಿರುತ್ತವೆ. ಕೂದಲಿನ ಬುಡವನ್ನು ಒಟ್ಲು ಪಾತಿ ಅಂದುಕೊಳ್ಳಿ. ಗದ್ದೆ ಖಾಲಿಯಾದರೂ ಪಾತಿಯಲ್ಲಿ ಪೈರಿದ್ದರೆ ಮತ್ತೆ ನಾಟಿ ಮಾಡಬಹುದಲ್ವಾ? ಚಿಕಿತ್ಸೆ ಮಾಡುವುದು ಎರಡೇ ಕೆಲಸ. ಕಚ್ಚುವ ನಾಯಿಯನ್ನು ಕಟ್ಟಿಹಾಕುವುದು, ಪಾತಿಯ ಪೈರನ್ನು ಎಬ್ಬಿಸಿ ಗದ್ದೆಗೆ ಕಳಿಸುವುದು.

ಇದು ಗೊತ್ತಾದರೆ ಹಲವು ಒಗಟು ಬಿಡಿಸಿಕೊಳ್ಳುತ್ತವೆ. ಮುಖದಲ್ಲಿ ಸಣ್ಣ ಕೂದಲು ಜಾಸ್ತಿ, ಅಲ್ಲಿ ಬಣ್ಣ ಬೇಗ ಬರುತ್ತದೆ. ಬೆರಳ ತುದಿಯಲ್ಲಿ, ತುಟಿಯಲ್ಲಿ ಕೂದಲೇ ಇಲ್ಲ, ಅಲ್ಲಿ ಕಷ್ಟ. ಮಚ್ಚೆಯ ಮೇಲಿನ ಕೂದಲೂ ಬೆಳ್ಳಗಾಗಿದ್ದರೆ ಪಾತಿಯೇ ಒಣಗಿದೆ ಅಂತ ಅರ್ಥ. ಬಣ್ಣ ಮರಳುವಾಗಲೂ ಒಂದೇ ಸಲ ಬಳಿದ ಹಾಗೆ ಬರುವುದಿಲ್ಲ. ಕೂದಲ ಬುಡದ ಸುತ್ತ ಚುಕ್ಕಿ ಚುಕ್ಕಿಯಾಗಿ ಎದ್ದು ನಿಧಾನಕ್ಕೆ ಕೂಡಿಕೊಳ್ಳುತ್ತದೆ.

ಮುಲಾಮುಗಳಲ್ಲಿ ಸ್ಟೀರಾಯ್ಡ್ ಒಂದು ಬಗೆ. ಟ್ಯಾಕ್ರೋಲಿಮಸ್ ಇನ್ನೊಂದು, ಚರ್ಮ ತೆಳುವಾಗುವ ಭಯ ಇದರಲ್ಲಿಲ್ಲ, ಹಾಗಾಗಿ ಮುಖಕ್ಕೆ ಇದನ್ನು ಕೊಡುತ್ತಾರೆ. ಸುದ್ದಿಯಲ್ಲಿರುವ ಹೊಸದು ಜ್ಯಾಕ್ ಇನ್ಹಿಬಿಟರ್ ಅನ್ನುವ ಗುಂಪು. ಇದರಲ್ಲಿ ರಕ್ಸೋಲಿಟಿನಿಬ್ ಮುಲಾಮಿಗೆ ಅಮೆರಿಕದಲ್ಲಿ 2022ರ ಜುಲೈನಲ್ಲಿ, 12 ವರ್ಷ ದಾಟಿದವರಿಗೆ ಒಪ್ಪಿಗೆ ಸಿಕ್ಕಿತು. ಅದೇ ಗುಂಪಿನ ಟೋಫಾಸಿಟಿನಿಬ್ ಮುಲಾಮು ನಮ್ಮಲ್ಲೂ ಸಿಗುತ್ತದೆ. ಕಾವಲು ಪಡೆಯ ಒಳಗೆ "ಕಚ್ಚು" ಅನ್ನುವ ಸಂದೇಶ ದಾಟದಂತೆ ತಡೆಯುವುದು ಇದರ ಕೆಲಸ. ಪವಾಡವಲ್ಲ, ಇದಕ್ಕೂ ತಿಂಗಳುಗಳು ಬೇಕು.

ಮಚ್ಚೆ ಕನಿಷ್ಠ ಒಂದು ವರ್ಷ ಬೆಳೆಯದೆ ನಿಂತಿದ್ದರೆ ಶಸ್ತ್ರಚಿಕಿತ್ಸೆಯ ದಾರಿ ಇದೆ. ಬಣ್ಣ ಇರುವ ಚರ್ಮದಿಂದ ಸ್ವಲ್ಪ ತೆಗೆದು ಬಿಳಿ ಜಾಗಕ್ಕೆ ಕೂರಿಸುತ್ತಾರೆ. ಇದು ನೇರವಾಗಿ ನಾಟಿ ಕೆಲಸವೇ. ಆದರೆ ಬೆಳೆಯುತ್ತಿರುವ ಮಚ್ಚೆಗೆ ಮಾಡಿದರೆ ನಾಟಿಯೂ ಹೋಗಿ, ಚರ್ಮ ತೆಗೆದ ಕಡೆಯೂ ಬಿಳುಪು ಬರಬಹುದು.

ಹೆಚ್ಚು ಜನ ಮೈಗೆ ಪಡೆಯುವುದು ಬೆಳಕಿನ ಚಿಕಿತ್ಸೆ. ನರ್ಸ್ ಕೆಲಸ ಕಣ್ಣಿಗೆ ಕಾಣುವುದೂ ಅಲ್ಲೇ.

ಲೈಟ್ ರೂಮಿನ ಒಳಗೆ

ಎತ್ತರದ ಬೀರು ತರಹದ ಒಂದು ಪೆಟ್ಟಿಗೆ. ಒಳಗೆ ಉದ್ದುದ್ದ ಟ್ಯೂಬ್‌ಲೈಟುಗಳು. ಬಿಸಿಲಿನಲ್ಲಿರುವ ನೂರೆಂಟು ಕಿರಣಗಳಲ್ಲಿ ಒಂದು ಚಿಕ್ಕ ಪಟ್ಟಿಯನ್ನು ಮಾತ್ರ, ಸುಮಾರು 311 ನ್ಯಾನೋಮೀಟರ್ ಅಲೆಯುದ್ದದ್ದು, ಈ ಟ್ಯೂಬುಗಳು ಕೊಡುತ್ತವೆ. ಇದು ಪಾತಿಯ ಪೈರನ್ನು ಎಬ್ಬಿಸುತ್ತದೆ, ನಾಯಿಯನ್ನೂ ಸ್ವಲ್ಪ ಸುಮ್ಮನಾಗಿಸುತ್ತದೆ. ವಾರಕ್ಕೆ ಎರಡೋ ಮೂರೋ ಸಲ, ಮಧ್ಯೆ ಒಂದು ದಿನವಾದರೂ ಬಿಡುವು ಇರಬೇಕು. ಶುರುವಿನಲ್ಲಿ ಒಳಗೆ ನಿಲ್ಲುವುದು ಕೆಲವೇ ಸೆಕೆಂಡು. "ಇಷ್ಟಕ್ಕೆ ಎರಡು ಬಸ್ಸು ಹತ್ತಿ ಬರಬೇಕಾ?" ಅಂತ ಮೊದಲ ದಿನ ಚಿಕ್ಕಮ್ಮ ಕೇಳಿಯೇಬಿಟ್ಟರು.

ಡಾಕ್ಟರನ್ನು ನೋಡುವುದು ತಿಂಗಳಿಗೋ ಎರಡು ತಿಂಗಳಿಗೋ ಐದು ನಿಮಿಷ. ಚಿಕಿತ್ಸೆ ನಡೆಯುವಷ್ಟು ಕಾಲವೂ ವಾರಕ್ಕೆರಡು ಸಲ ಮುಖ ನೋಡುವವರು ಸಿಸ್ಟರ್. ಬಾಗಿಲ ಮೇಲಿನ ಬೋರ್ಡಿನಲ್ಲಿ ನರ್ಸಿಂಗ್ ಆಫೀಸರ್ ಅಂತಿರಬಹುದು, ಕರೆಯುವುದು ಮಾತ್ರ ಸಿಸ್ಟರ್ ಅಂತಲೇ.

ಪ್ರತಿ ಸಲವೂ ಅವರ ಮೊದಲ ಪ್ರಶ್ನೆ ಒಂದೇ: "ಹೋದ ಸಲ ಕೆಂಪಾಗಿತ್ತಾ? ಎಷ್ಟು ಹೊತ್ತು ಇತ್ತು?" ಉತ್ತರದ ಮೇಲೆ ಆ ದಿನದ ಪ್ರಮಾಣ ನಿಂತಿದೆ. ಏನೂ ಆಗಿಲ್ಲ ಅಂದರೆ ಪ್ರಮಾಣ 10ರಿಂದ 20 ಶೇಕಡಾ ಏರಿಸುತ್ತಾರೆ. ತೆಳು ಗುಲಾಬಿ ಬಣ್ಣ ಬಂದು 24 ಗಂಟೆಯೊಳಗೆ ಹೋಗಿದ್ದರೆ ಅದು ಸರಿಯಾದ ಹದ, ಅಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಮರುದಿನವೂ ಉರಿ, ನೋವು, ಗುಳ್ಳೆ ಇದ್ದರೆ ಅವತ್ತು ಬೆಳಕಿಲ್ಲ. ದೋಸೆ ಕಾವಲಿಯ ಕಾವು ನೋಡಿಕೊಳ್ಳುವ ಹಾಗೆಯೇ. ಬೇಗ ವಾಸಿಯಾಗಲಿ ಅಂತ ಸುಳ್ಳು ಹೇಳಿ ಏರಿಸಿಕೊಂಡವರು ಸುಟ್ಟುಕೊಳ್ಳುತ್ತಾರೆ.

ಎರಡನೇ ಪ್ರಶ್ನೆ, ಹೊಸ ಮಾತ್ರೆ ಏನಾದರೂ ಶುರು ಮಾಡಿದಿರಾ ಅಂತ. ಕೆಲವು ಆಂಟಿಬಯಾಟಿಕ್‌ಗಳು ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತವೆ. ಬಾವಂಚಿ ಬೀಜದ ಎಣ್ಣೆಯೂ ಹಾಗೆಯೇ. ಅದರಲ್ಲಿ ಸೋರಲಿನ್ ಅನ್ನುವ ವಸ್ತುವಿದೆ. ಹಳೆಯ ಕಾಲದಿಂದ ತೊನ್ನಿಗೆ ಬಳಸುತ್ತಾ ಬಂದಿದ್ದಾರೆ, ಆಧುನಿಕ ವೈದ್ಯದಲ್ಲೂ ಸೋರಲಿನ್ ಜೊತೆ ಬೆಳಕು ಕೊಡುವ ಪದ್ಧತಿ ಇದೆ. ಆದರೆ ಮನೆಯಲ್ಲಿ ಹಚ್ಚಿ ಬಿಸಿಲಿಗೆ ಕೂತರೆ ನೀರುಗುಳ್ಳೆ ಏಳಬಹುದು. ಅದನ್ನು ಹಚ್ಚಿಕೊಂಡೇ ಲೈಟ್ ರೂಮಿಗೆ ಬರುವುದಂತೂ ಬೇಡವೇ ಬೇಡ.

ಆಮೇಲೆ ಕಪ್ಪು ಕನ್ನಡಕ. ಗಂಡಸರಿಗೆ ಒಳಉಡುಪು ಕಡ್ಡಾಯ. ಮಚ್ಚೆ ಇಲ್ಲದಿದ್ದರೆ ಮುಖಕ್ಕೂ ಮುಸುಕು. ಪ್ರತಿ ಸಲ ಅದೇ ಅಳತೆಯ ಬಟ್ಟೆಯಲ್ಲೇ ನಿಲ್ಲಬೇಕು. ಒಂದು ದಿನ ಮೊಣಕಾಲಿನ ತನಕದ ಬಟ್ಟೆ, ಇನ್ನೊಂದು ದಿನ ತುಂಡು ಚಡ್ಡಿ ಹಾಕಿದರೆ, ಅಲ್ಲಿಯವರೆಗೆ ಮುಚ್ಚಿದ್ದ ತೊಡೆಗೆ ಒಮ್ಮೆಲೇ ಏರಿದ ಪ್ರಮಾಣ ಬಿದ್ದು ಸುಡುತ್ತದೆ. ಮುಲಾಮು ಹಚ್ಚುವುದು ಬೆಳಕಿನ ನಂತರ, ಮೊದಲಲ್ಲ.

ಜಾತ್ರೆ, ಮದುವೆ, ಕಳೆ ಕೀಳುವ ಕೆಲಸ ಅಂತ ಮಧ್ಯೆ ತಪ್ಪುವುದು ಇದ್ದೇ ಇದೆ. ಅದಕ್ಕೂ ಲೆಕ್ಕವಿದೆ. ಒಂದು ವಾರದೊಳಗಿನ ಬಿಡುವಾದರೆ ಹಿಂದಿನ ಪ್ರಮಾಣವೇ. ಎರಡು ವಾರದವರೆಗೆ ತಪ್ಪಿದರೆ ಕಾಲು ಭಾಗ ಇಳಿಸುತ್ತಾರೆ, ಮೂರು ವಾರದವರೆಗೆ ಅರ್ಧ. ಅದೂ ದಾಟಿದರೆ ಮತ್ತೆ ಮೊದಲಿನಿಂದ. ಚಿಕ್ಕಮ್ಮನ ಮಗಳ ಬಾಣಂತನಕ್ಕೆ ಹತ್ತು ದಿನ ತಪ್ಪಿತ್ತು. ಬೈಸಿಕೊಳ್ಳುವ ಭಯಕ್ಕೆ ಹೋಗುವುದೇ ಬೇಡ ಅಂತ ಕೂತಿದ್ದರು. ಸಿಸ್ಟರ್ ಫೋನ್ ಮಾಡಿ, "ಮಗು ಹೇಗಿದೆ? ನಾಳೆ ಬನ್ನಿ, ಸ್ವಲ್ಪ ಇಳಿಸಿ ಕೊಡ್ತೀನಿ" ಅಂದರು. ಆ ಫೋನ್ ಬರದಿದ್ದರೆ ಚಿಕಿತ್ಸೆ ಅಲ್ಲಿಗೇ ನಿಂತುಹೋಗುತ್ತಿತ್ತು.

ಗುಣ ಕಾಣುತ್ತಿದೆಯಾ ಇಲ್ಲವಾ ಅಂತ ಹೇಳಲು ಮೂರರಿಂದ ಆರು ತಿಂಗಳು ಬೇಕು. ಪೂರ್ತಿ ಲಾಭಕ್ಕೆ ಒಂದು ವರ್ಷ ಹಿಡಿಯಬಹುದು. ಕನ್ನಡಿಯಲ್ಲಿ ದಿನಾ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಒಪ್ಪಿಗೆ ಕೇಳಿ, ಅದೇ ಗೋಡೆ, ಅದೇ ಬೆಳಕಿನಲ್ಲಿ ಆಗಾಗ ಫೋಟೋ ತೆಗೆದಿಡುತ್ತಾರೆ.

ಟ್ಯೂಬಿನ ಅಳತೆ, ಶನಿವಾರದ ಮಾತ್ರೆ

ಚೀಟಿಯಲ್ಲಿ "ತೆಳುವಾಗಿ ಹಚ್ಚಿ" ಅಂತಿರುತ್ತದೆ. ತೆಳು ಅಂದರೆ ಎಷ್ಟು? ಸಿಸ್ಟರ್ ಚಿಕ್ಕಮ್ಮನ ತೋರುಬೆರಳು ಹಿಡಿದು, ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಒಂದು ಗೆರೆ ಎಳೆದರು. ಅದು ಸುಮಾರು ಅರ್ಧ ಗ್ರಾಂ. ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಜೋರಿನ ಸ್ಟೀರಾಯ್ಡ್ ಮುಲಾಮನ್ನು ಚೀಟಿ ಮುಗಿದ ಮೇಲೂ ಮೆಡಿಕಲ್ ಶಾಪ್‌ನಲ್ಲಿ ಕೊಂಡು ಹಚ್ಚುತ್ತಾ ಹೋದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುತ್ತದೆ. ಟ್ಯಾಕ್ರೋಲಿಮಸ್ ಹಚ್ಚಿದ ಮೊದಲ ದಿನಗಳಲ್ಲಿ ಉರಿಯುವುದು ಸಹಜ. ಮೊದಲೇ ಹೇಳದಿದ್ದರೆ ಅಲರ್ಜಿ ಅಂದುಕೊಂಡು ಬಿಸಾಡುತ್ತಾರೆ.

ಮಚ್ಚೆ ವೇಗವಾಗಿ ಹರಡುತ್ತಿದ್ದರೆ ಸ್ಟೀರಾಯ್ಡ್ ಮಾತ್ರೆಯನ್ನು ವಾರದಲ್ಲಿ ಎರಡು ದಿನ ಮಾತ್ರ, ಸಾಮಾನ್ಯವಾಗಿ ಶನಿವಾರ ಮತ್ತು ಭಾನುವಾರ, ಕೊಡುವ ಪದ್ಧತಿ ಇದೆ. ದಿನಾ ನುಂಗಿದರೆ ಅನಾಹುತ. ಓದಲು ಬಾರದವರಿಗೆ ಸಿಸ್ಟರ್ ಕ್ಯಾಲೆಂಡರಿನಲ್ಲಿ ಆ ಎರಡು ದಿನಗಳಿಗೆ ಕೆಂಪು ಸುತ್ತು ಹಾಕಿಕೊಡುವುದನ್ನು ನೋಡಿದೆ.

ಚರ್ಮದ ಆಚೆ

ಚರ್ಮದ ಕಾಯಿಲೆ ಬದುಕನ್ನು ಎಷ್ಟು ಕಾಡುತ್ತಿದೆ ಅಂತ ಅಳೆಯಲು 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ತಯಾರಾದ 10 ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಒಂದು ವಾರದ ಬಗ್ಗೆ ಕೇಳುತ್ತದೆ. ನಾಚಿಕೆಯಾಯಿತಾ, ಬಟ್ಟೆ ಆರಿಸುವಾಗ ಯೋಚಿಸಿದಿರಾ, ಜನರ ಜೊತೆ ಬೆರೆಯಲು ತೊಂದರೆಯಾಯಿತಾ, ಹೀಗೆ. ಒಟ್ಟು 30 ಅಂಕ. ಜಾಸ್ತಿ ಬಂದಷ್ಟೂ ಕಾಟ ಜಾಸ್ತಿ.

ಬಟ್ಟೆಯ ಪ್ರಶ್ನೆಗೆ ಚಿಕ್ಕಮ್ಮ ಬಹಳ ಹೊತ್ತು ಸುಮ್ಮನಿದ್ದರು. ಏಪ್ರಿಲ್ ಬಿಸಿಲಲ್ಲೂ ಉದ್ದ ತೋಳಿನ ರವಿಕೆ ಹಾಕುತ್ತಿದ್ದರು, ನಮಗೆ ಕಂಡಿತ್ತು. ಆದರೆ ಮೈದುನನ ಮಗಳ ಮದುವೆಯಲ್ಲಿ ಅರಿಶಿನ ಹಚ್ಚಲು ಮುತ್ತೈದೆಯರನ್ನೆಲ್ಲ ಕರೆದು ಇವರನ್ನು ಬಿಟ್ಟಿದ್ದರು ಅನ್ನುವುದು ನನಗೂ ಗೊತ್ತಿರಲಿಲ್ಲ. ಅದನ್ನು ಮೊದಲು ಹೇಳಿದ್ದು ಸಿಸ್ಟರ್ ಹತ್ತಿರ. ಸಿಸ್ಟರ್ ಗ್ಲೌಸ್ ಇಲ್ಲದ ಕೈಯಲ್ಲಿ ಅವರ ಮೊಣಕೈ ಹಿಡಿದುಕೊಂಡೇ ಕೇಳಿಸಿಕೊಂಡರು.

ಮನಸ್ಸು ತೀರಾ ಕುಗ್ಗಿದೆ, ನಿದ್ದೆ ಊಟ ತಪ್ಪಿದೆ ಅನ್ನಿಸಿದರೆ ನರ್ಸ್ ಅದನ್ನು ಡಾಕ್ಟರಿಗೆ ತಿಳಿಸಿ ಆಪ್ತಸಮಾಲೋಚಕರ ಕಡೆ ಕಳಿಸುತ್ತಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗಾದರೆ ಇದು ಅಂಟುವುದಿಲ್ಲ ಅಂತ ಶಾಲೆಗೆ ಒಂದು ಪತ್ರ ಬರೆಸಿಕೊಳ್ಳುವುದು ಒಳ್ಳೆಯದು. ಪಕ್ಕದ ಬೆಂಚು ಖಾಲಿಯಾಗುವುದನ್ನು ಅದು ತಡೆಯುತ್ತದೆ. ಅಂಗವಿಕಲ ಸರ್ಟಿಫಿಕೇಟ್ ಸಿಗುತ್ತಾ ಅಂತಲೂ ಜನ ಕೇಳುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ತೊನ್ನು ಇಲ್ಲ.

ಚಿಕಿತ್ಸೆಯೇ ಬೇಡ ಅನ್ನುವವರೂ ಇದ್ದಾರೆ. ಅದೂ ಒಂದು ಆಯ್ಕೆ, ಯಾಕೆಂದರೆ ಇದು ಜೀವಕ್ಕೆ ಅಪಾಯದ ಕಾಯಿಲೆಯಲ್ಲ. ಅಂಥವರಿಗೆ ಬಿಳಿ ಜಾಗ ಬಿಸಿಲಿಗೆ ಸುಡದಂತೆ ನೋಡಿಕೊಳ್ಳುವುದು, ಬೇಕಿದ್ದರೆ ಮೈಬಣ್ಣಕ್ಕೆ ಹೊಂದುವ ಮೇಕಪ್ ಹಚ್ಚುವುದು ಹೇಳಿಕೊಟ್ಟರೆ ಸಾಕು. ಚಿಕಿತ್ಸೆ ಪಡೆದವರಿಗೂ ಒಂದು ಮಾತು ಮೊದಲೇ ಗೊತ್ತಿರಬೇಕು. ನಿಲ್ಲಿಸಿದ ಮೇಲೆ ಒಂದು ವರ್ಷದೊಳಗೆ 100ರಲ್ಲಿ ಸುಮಾರು 40 ಜನರಿಗೆ ಬಂದ ಬಣ್ಣ ಮತ್ತೆ ಹೋಗುತ್ತದೆ. ಅದಕ್ಕೇ ಕೆಲವರಿಗೆ ವಾರಕ್ಕೆ ಎರಡು ಸಲ ಮುಲಾಮು ಮುಂದುವರಿಸಲು ಹೇಳುತ್ತಾರೆ.

ನಾಲ್ಕನೇ ತಿಂಗಳಲ್ಲಿ ಒಂದು ದಿನ ಸಿಸ್ಟರ್ ಚಿಕ್ಕಮ್ಮನ ಮೊಣಕೈಯನ್ನು ಕಿಟಕಿ ಬೆಳಕಿಗೆ ತಿರುಗಿಸಿದರು. ಬಿಳಿಯ ನಡುವೆ ಸಾಸಿವೆ ಒಗ್ಗರಣೆ ಸಿಡಿದ ಹಾಗೆ ಏಳೆಂಟು ಕಂದು ಚುಕ್ಕಿ. ಬೆರಳ ತುದಿಯ ಬಿಳುಪು ಮಾತ್ರ ಹಾಗೇ ಇತ್ತು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಎಣಿಸಿದರು. ಮತ್ತೆ ಎಣಿಸಿದರು. ಸಿಸ್ಟರ್ ಅಷ್ಟರಲ್ಲಿ ಕಾರ್ಡಿನಲ್ಲಿ ದಿನಾಂಕ ಬರೆದು ಮುಗಿಸಿದ್ದರು.

"ಗುರುವಾರ ಬನ್ನಿ ಅಮ್ಮ. ಪೌಡರ್ ಹಚ್ಕೊಂಡು ಬರಬೇಡಿ."